ತಗಡಿನ ಡಬ್ಬ, ಅಲ್ಯೂಮಿನಿಯಂ ಡಬ್ಬ: ಚಾಮರಾಜನಗರ ಸೀಮೆಯಲ್ಲಿ ಕಂಪ್ಯೂಟರ್ ಕ್ಯಾಬಿನೆಟ್

ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡು, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಹಾರ್ಡ್‌ಡಿಸ್ಕು ಎಲ್ಲವನ್ನೂ ಹೊತ್ತು ನಿಲ್ಲುವ ಲೋಹದ ಪೆಟ್ಟಿಗೆಯೇ ಕ್ಯಾಬಿನೆಟ್. ಶಾಲೆ, ಕಚೇರಿಗಳ ಬಾಯಲ್ಲಿ ಈ ಡಬ್ಬವೇ ‘ಸಿಪಿಯು’. ಬಿಡಿಭಾಗಗಳನ್ನು ಅಲುಗದಂತೆ ಹಿಡಿಯುವುದು, ಒಳಗಿನ ಬಿಸಿಗಾಳಿಯನ್ನು ಹೊರಗೆ ಕಳಿಸುವುದು, ಸೋರುವ ವಿದ್ಯುತ್ತನ್ನು ಭೂಮಿಗೆ ಇಳಿಸುವುದು ಇದರ ಮುಖ್ಯ ಕೆಲಸ. ಪಕ್ಕದ ರೇಡಿಯೋ, ಟೀವಿಗಳಿಗೆ ತೊಂದರೆ ಕೊಡುವ ತರಂಗಗಳನ್ನು ಒಳಗೇ ತಡೆಯುವುದೂ, ದೂಳು, ಹಲ್ಲಿ, ಜಿರಳೆಗಳನ್ನು ಹೊರಗೆ ನಿಲ್ಲಿಸುವುದೂ ಇದರ ಪಾಲಿಗೇ ಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಮೇಜುಗಳ ಮೇಲೆ ಇದುವರೆಗೆ ಕುಳಿತ ಕ್ಯಾಬಿನೆಟ್ಟುಗಳಲ್ಲಿ ಬಹುಪಾಲು ತೆಳು ಉಕ್ಕಿನ ತಗಡಿನವು, ಮುಂಭಾಗಕ್ಕೆ ಪ್ಲಾಸ್ಟಿಕ್ ಮುಖ ಹೊತ್ತವು. ಜಗತ್ತಿನ ಬೇರೆಡೆ ಕಾಲು ಶತಮಾನದಿಂದ ಶ್ರೀಮಂತಿಕೆಯ ಗುರುತಾಗಿರುವ ಅಲ್ಯೂಮಿನಿಯಂ ಕ್ಯಾಬಿನೆಟ್ಟು ಇಲ್ಲಿ ಅಪರೂಪದ ಅತಿಥಿಯಾಗಿಯೇ ಉಳಿಯಿತು. ಇದಕ್ಕೆ ಬೆಲೆ ಒಂದು ಕಾರಣ. ಬೆಲೆಯಷ್ಟೇ ಕಾರಣವಲ್ಲ.

ಅಲ್ಯೂಮಿನಿಯಂ ಲೋಹ ಈ ಸೀಮೆಗೆ ಹೊಸದಲ್ಲ. ವಿದ್ಯುತ್ತಿನಿಂದ ಅದನ್ನು ಅಗ್ಗವಾಗಿ ಬೇರ್ಪಡಿಸುವ ವಿಧಾನವನ್ನು ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಪ್ರತ್ಯೇಕವಾಗಿ ಕಂಡುಕೊಂಡದ್ದು 1886ರಲ್ಲಿ. ಅದಾದ ಹನ್ನೆರಡೇ ವರ್ಷಕ್ಕೆ, 1898ರಲ್ಲಿ, ಮದ್ರಾಸಿನ ಕಲಾಶಾಲೆಯ ಆಲ್ಫ್ರೆಡ್ ಚಾಟರ್ಟನ್ ಅಲ್ಲಿನ ಕಂಚುಗಾರರ ಕೈಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದರು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ದುಡಿದರು. ಈಗ ಚಾಮರಾಜನಗರ ಜಿಲ್ಲೆಯೊಳಗಿರುವ ಕೊಳ್ಳೇಗಾಲ ಆಗ ಸಂಸ್ಥಾನದ್ದಲ್ಲ. 1956ರವರೆಗೂ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗೆ ಹೊಸ ಲೋಹದ ಎರಡು ದಾರಿಗಳೂ, ಮದ್ರಾಸಿನದೂ ಮೈಸೂರಿನದೂ, ಈ ಸೀಮೆಯ ಅಂಚಿನಲ್ಲೇ ಹಾದುಹೋಗಿದ್ದವು.

ಪಾತ್ರೆಯ ನಂತರ ತಂತಿ. ಹೊಲದ ಪಂಪ್‌ಸೆಟ್ಟಿಗೆ ವಿದ್ಯುತ್ ತರುವ ಕಂಬಗಳ ಮೇಲಿನ ತಂತಿಯಲ್ಲಿ ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳು. ಭಾರ ಹೊರುವುದು ಉಕ್ಕು, ವಿದ್ಯುತ್ತು ಹೊರುವುದು ಅಲ್ಯೂಮಿನಿಯಂ. ಆಮೇಲೆ ಬಸ್ಸು. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ವಿಮಾನದ ತಗಡು ಬಡಿದು ರಿವೆಟ್ ಹೊಡೆಯುವ ಕುಶಲತೆಯನ್ನು ಕರ್ನಾಟಕಕ್ಕೆ ತಂದಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಕೈಗಳು ರೈಲು ಡಬ್ಬಿ, ಬಸ್ಸಿನ ಮೈಗಳನ್ನೂ ಕಟ್ಟಿದವು. ಮೈಸೂರಿನಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನ ಹೊರಮೈ ಕೂಡ ಸಾಲುಸಾಲು ರಿವೆಟ್ ಹೊಡೆದ ಅಲ್ಯೂಮಿನಿಯಂ ಹಾಳೆಯದು. ಇತ್ತೀಚಿನ ದಶಕಗಳಲ್ಲಿ ಕಿಟಕಿ, ಪಾರ್ಟಿಷನ್, ಅಂಗಡಿಯ ಗಾಜಿನ ಶೋಕೇಸುಗಳ ಚೌಕಟ್ಟು ಮಾಡುವ ‘ಅಲ್ಯೂಮಿನಿಯಂ ಫ್ಯಾಬ್ರಿಕೇಷನ್’ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ತಲೆಯೆತ್ತಿವೆ. ಅಲ್ಲಿ ಕತ್ತರಿಸುವ ಯಂತ್ರವಿದೆ, ಡ್ರಿಲ್ಲಿದೆ, ರಿವೆಟ್ ಗನ್ನಿದೆ. ಕಂಪ್ಯೂಟರ್ ಡಬ್ಬ ಕಟ್ಟಲು ಬೇಕಾದ ಅರ್ಧ ಸಲಕರಣೆ ಅಲ್ಲೇ ಇದೆ. ಆ ಕೆಲಸ ಮಾತ್ರ ಅಲ್ಲಿ ನಡೆಯಲಿಲ್ಲ.

ಲೋಹ ತಯಾರಾಗುತ್ತಿದ್ದದ್ದು ದೂರದಲ್ಲಿ. ಇಂಡಿಯನ್ ಅಲ್ಯೂಮಿನಿಯಂ ಕಂಪನಿ 1943ರಲ್ಲಿ ಕೇರಳದ ಆಲುವಾ ಬಳಿ ದೇಶದ ಮೊದಲ ಕರಗಿಸುವ ಘಟಕ ತೆರೆಯಿತು. 1970ರ ಆಸುಪಾಸಿನಲ್ಲಿ ಬೆಳಗಾವಿಯಲ್ಲೂ ಒಂದನ್ನು ಹೂಡಿತು. ಒಂದು ಕಿಲೊ ಅಲ್ಯೂಮಿನಿಯಂ ತೆಗೆಯಲು ಸುಮಾರು 13ರಿಂದ 15 ಯೂನಿಟ್ ವಿದ್ಯುತ್ತು ಬೇಕು. ವಿದ್ಯುತ್ತಿನ ಕೊರತೆಯಲ್ಲೇ ದಿನ ದೂಡುತ್ತಿದ್ದ ರಾಜ್ಯದಲ್ಲಿ ಇಂಥ ಹಸಿವಿನ ಕಾರ್ಖಾನೆ ಬಹುಕಾಲ ಬಾಳುವಂತಿರಲಿಲ್ಲ. ಬೆಳಗಾವಿಯ ಕರಗಿಸುವ ಘಟಕ ನಿಂತಿತು. ಬಾಕ್ಸೈಟಿನಿಂದ ಅಲ್ಯುಮಿನಾ ಪುಡಿ ತೆಗೆಯುವ ಕೆಲಸವಷ್ಟೇ, ಅದನ್ನು ವಹಿಸಿಕೊಂಡ ಹಿಂಡಾಲ್ಕೊ ಕಂಪನಿಯ ಕೈಯಲ್ಲಿ, ಮುಂದುವರಿಯಿತು.

ಇನ್ನು ಕಂಪ್ಯೂಟರು. ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದದ್ದು 1981ರ ಆಗಸ್ಟಿನಲ್ಲಿ. ಅದರ ಮೈ ದಪ್ಪ ಉಕ್ಕಿನದು; ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಮಾನಿಟರ್ ಕೂರಿಸುವ ವಿನ್ಯಾಸ. 1984ರಲ್ಲಿ ಬಂದ ಅದರ ‘ಎಟಿ’ ಮಾದರಿಯ ಅಳತೆಗಳನ್ನು ತೈವಾನಿನ ತಯಾರಕರು ಅನುಕರಿಸಿದರು. ಮುಂದಿನ ಹತ್ತು ವರ್ಷ ಜಗತ್ತಿನ ಕ್ಯಾಬಿನೆಟ್ಟುಗಳಲ್ಲಿ ಬಹುಪಾಲು ಆ ಅಳತೆಗೆ ಬಾಗಿದವು. ಅದೇ 1984ರ ಕೊನೆಯಲ್ಲಿ ರಾಜೀವ್ ಗಾಂಧಿ ಸರ್ಕಾರದ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿದವು. ಮೈಸೂರಿನ ಅಂಗಡಿಗಳಿಗೆ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ‘ಅಸೆಂಬಲ್ಡ್ ಸೆಟ್’ ಎಂಬ ಸರಕು ಹರಿದು ಬಂದ ಮೂಲ ಈ ರಸ್ತೆ.

ಸಣ್ಣ ಊರುಗಳಲ್ಲಿ ಕಂಪ್ಯೂಟರ್ ಮೊದಲು ಕಾಲಿಟ್ಟದ್ದು ಟೈಪಿಂಗ್ ಶಾಲೆ, ಡಿಟಿಪಿ ಅಂಗಡಿ, ಬ್ಯಾಂಕುಗಳಿಗೆ. ಆ ಕಾಲದ ಬಿಳಿಚು ಹಳದಿ ಡಬ್ಬಗಳಿಗೆ ತಮ್ಮದೇ ಚಹರೆಯಿತ್ತು: ಬೀಗದ ಕೈ ಹಾಕುವ ತೂತು, ‘ಟರ್ಬೊ’ ಗುಂಡಿ, ಮೆಗಾಹರ್ಟ್ಸ್ ತೋರಿಸುವ ಕೆಂಪು ಅಂಕಿ, ಐದೂಕಾಲು ಇಂಚಿನ ಫ್ಲಾಪಿ ತೂರಿಸುವ ಅಗಲ ಬಾಯಿ. ಗೋಡೆಯ 230 ವೋಲ್ಟು ನೇರವಾಗಿ ಮುಂಭಾಗದ ಸ್ವಿಚ್ಚಿಗೇ ಬರುತ್ತಿತ್ತು. ತಗಡಿನ ಒಳಅಂಚುಗಳನ್ನು ಮಡಿಚಿರುತ್ತಿರಲಿಲ್ಲ. ಕೈ ಹಾಕಿದವರ ಬೆರಳು ಕೊಯ್ಯುವುದು ಮಾಮೂಲು. ರಿಪೇರಿಯವರ ಕೈಯ ಗಾಯದ ಗೆರೆಗಳೇ ಆ ತಲೆಮಾರಿನ ಡಬ್ಬಗಳ ಗುಣಮಟ್ಟದ ದಾಖಲೆ.

1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಅಳತೆಯನ್ನು ಪ್ರಕಟಿಸಿದ ಮೇಲೆ ಒಳರಚನೆ ಬದಲಾಯಿತು. ಮದರ್‌ಬೋರ್ಡಿನ ಗಾತ್ರ 305ಕ್ಕೆ 244 ಮಿಲಿಮೀಟರ್ ಎಂದು ಗೊತ್ತಾಯಿತು. ಕೀಬೋರ್ಡು, ಪ್ರಿಂಟರಿನ ಕಿಂಡಿಗಳೆಲ್ಲ ಹಿಂಭಾಗದ ಒಂದೇ ಪಟ್ಟಿಯಲ್ಲಿ ಸೇರಿದವು. ಮುಂಭಾಗದ ಗುಂಡಿಗೆ ಮನೆಯ ವಿದ್ಯುತ್ತಿನ ಬದಲು ಬೋರ್ಡಿನ ಸಣ್ಣ ಸಂಕೇತ ಸಾಕಾಯಿತು. ಅಷ್ಟು ಹೊತ್ತಿಗಾಗಲೇ ಮಲಗಿದ್ದ ಡಬ್ಬ ಎದ್ದು ನಿಂತು ಟವರ್ ಆಗತೊಡಗಿತ್ತು. ಇಂದಿನ ಕ್ಯಾಬಿನೆಟ್ಟೂ, ಅದು ತಗಡಿನದಿರಲಿ ಅಲ್ಯೂಮಿನಿಯಮ್ಮಿನದಿರಲಿ, ಮೂಲತಃ ಇದೇ ಅಳತೆಯ ಮೊಮ್ಮಗ.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾಯಿತು. ಹೊಸ ಜಿಲ್ಲೆಯ ಕಚೇರಿಗಳು ತಲೆಯೆತ್ತುತ್ತಿದ್ದ ಹೊತ್ತಿಗೇ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ ಬಂತು. ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ಸಿದ್ಧಪಡಿಸಿದ ತಂತ್ರಾಂಶದಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ತುಂಬಿದ ಈ ಕೆಲಸ 2000ದ ಆಚೀಚೆ ನಡೆಯಿತು. ಸುಮಾರು 67 ಲಕ್ಷ ರೈತರ ಜಮೀನಿನ ಲೆಕ್ಕ ಕಂಪ್ಯೂಟರಿಗೆ ಸೇರಿತು. 15 ರೂಪಾಯಿ ಕಟ್ಟಿದರೆ ಪಹಣಿಯ ಪ್ರತಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲದ ರೈತರಲ್ಲಿ ಅನೇಕರು ಕಂಪ್ಯೂಟರನ್ನು ಮೊದಲು ಕಂಡದ್ದು ತಾಲ್ಲೂಕು ಕಚೇರಿಯ ಈ ಕಿಂಡಿಯ ಆಚೆ. ಕೆಲವು ವರ್ಷಗಳಲ್ಲಿ ಸರ್ಕಾರಿ ಸೇವೆ ಒದಗಿಸುವ ನೆಮ್ಮದಿ ಕೇಂದ್ರಗಳು ಹೋಬಳಿಗಳಲ್ಲೂ ತೆರೆದವು. ಬೇಗೂರು, ತೆರಕಣಾಂಬಿ, ಹಂಗಳ, ಹರವೆ, ಸಂತೇಮರಹಳ್ಳಿ, ಚಂದಕವಾಡಿ, ಹರದನಹಳ್ಳಿಗಳಂಥ ಹೋಬಳಿ ಕೇಂದ್ರಗಳವರೆಗೂ ಕಂಪ್ಯೂಟರಿನ ದಾರಿ ಚಾಚಿತು.

ಕಚೇರಿಗಳಿಗೆ ಕೊಳ್ಳುವಾಗ ಟೆಂಡರು ಕರೆಯುತ್ತಾರೆ. ಟೆಂಡರಿನ ಹಾಳೆಯಲ್ಲಿ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಹಾರ್ಡ್‌ಡಿಸ್ಕ್ ಎಷ್ಟು ಎಂಬುದಕ್ಕೆ ಸಾಲುಗಟ್ಟಲೆ ವಿವರ. ಕ್ಯಾಬಿನೆಟ್ಟಿಗೆ ‘ಎಟಿಎಕ್ಸ್’ ಎಂಬ ಒಂದು ಪದ. ತಗಡಿನ ದಪ್ಪವೆಷ್ಟು, ಗಾಳಿ ಹೇಗೆ ಹಾಯುತ್ತದೆ ಎಂದು ಕೇಳಿದವರಿಲ್ಲ. ಕನಿಷ್ಠ ದರಕ್ಕೆ ಒಪ್ಪಿಸಬೇಕಾದ ಮಾರಾಟಗಾರ ಎಲ್ಲಿ ಉಳಿಸುತ್ತಾನೆ? ಕೇಳದೇ ಬಿಟ್ಟದ್ದರಲ್ಲಿ. ಎಚ್‌ಸಿಎಲ್, ವಿಪ್ರೊ, ಏಸರ್ ಕಂಪನಿಗಳ ಬ್ರ್ಯಾಂಡಿನ ಡಬ್ಬಗಳು ಮಟ್ಟಸವಾಗಿದ್ದವು. ಖಾಸಗಿಯವರು ಕೊಳ್ಳುತ್ತಿದ್ದ ಅಸೆಂಬಲ್ಡ್ ಸೆಟ್ಟಿನ ಪಾಡು ಬೇರೆ. ಅಲ್ಲಿ ಎಸ್‌ಎಂಪಿಎಸ್ ಸಮೇತ ಸಾವಿರ ರೂಪಾಯಿಯ ಆಸುಪಾಸಿಗೇ ಕ್ಯಾಬಿನೆಟ್ ಸಿಗುತ್ತಿತ್ತು. ಐಬಾಲ್, ಝೆಬ್ರಾನಿಕ್ಸ್, ಇಂಟೆಕ್ಸ್ ಮುಂತಾದ ಹೆಸರು ಹೊತ್ತ ಆ ಡಬ್ಬಗಳ ತಗಡು ಅರ್ಧ ಮಿಲಿಮೀಟರಿನ ಸುತ್ತಮುತ್ತ. ಎಸ್‌ಎಂಪಿಎಸ್ ಮೇಲೆ ‘450 ವ್ಯಾಟ್’ ಎಂಬ ಚೀಟಿ ಅಂಟಿಸಿರುವುದು ಈ ವರ್ಗದಲ್ಲಿ ವಾಡಿಕೆ; ಅಷ್ಟನ್ನು ಅದು ಕೊಡುತ್ತದೆ ಎಂದು ಅಂಗಡಿಯವನೂ ನಂಬುತ್ತಿರಲಿಲ್ಲ. ಕ್ಯಾಬಿನೆಟ್ಟೆಂದರೆ ಸಾಮಾನಿನ ಜೊತೆ ಬರುವ ರಟ್ಟಿನ ಪೆಟ್ಟಿಗೆಯ ಹಾಗೆ, ಲೆಕ್ಕಕ್ಕಿಲ್ಲದ್ದು ಎಂಬ ಭಾವನೆ ಇಲ್ಲಿ ಬೇರೂರಿದ್ದು ಹೀಗೆ. ಈ ಸೀಮೆಯ ಹವೆಗೆ ಇದು ದುಬಾರಿ ತಪ್ಪು.

ಗುಂಡ್ಲುಪೇಟೆಯದು ಪಶ್ಚಿಮ ಘಟ್ಟ ಹಾಗೂ ನೀಲಗಿರಿಯ ಮಳೆನೆರಳಿನ ತಾಲ್ಲೂಕು. ಬೇಸಿಗೆಯಲ್ಲಿ ಅರಿಶಿನ, ಸೂರ್ಯಕಾಂತಿಯ ಹೊಲಗಳ ಮಣ್ಣು ಗಾಳಿಗೆ ಏಳುತ್ತದೆ. ಚಾಮರಾಜನಗರದ ಸುತ್ತ ಕರಿಕಲ್ಲಿನ ಗಣಿಗಳಿವೆ. ಅವುಗಳ ಕಲ್ಲುಪುಡಿ ದೂಳಿಗೆ ಮತ್ತಷ್ಟು ಸೇರುತ್ತದೆ. ಶಾಲೆಗಳ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡಿಸುವ ಪದ್ಧತಿ ಹುಟ್ಟಿದ್ದು ಈ ಭಯದಿಂದ. ಆದರೆ ಕ್ಯಾಬಿನೆಟ್ಟಿನ ಫ್ಯಾನು ದೂಳನ್ನು ಕಿಟಕಿಯಿಂದಲೂ ಎಳೆದುಕೊಳ್ಳುತ್ತದೆ ಎಂಬುದನ್ನು ಆ ನಿಯಮ ಗಮನಿಸಲಿಲ್ಲ. ಇನ್ನು ಕೆಲವರು ಡಬ್ಬಕ್ಕೆ ಬಟ್ಟೆಯ ಮುಸುಕು ಹೊದಿಸಿ, ಮೇಲೆ ಅಂಚಿನ ಕಸೂತಿಯನ್ನೂ ಹಾಕಿಸಿ, ಗಾಳಿ ಹೋಗುವ ತೂತುಗಳನ್ನೇ ಮುಚ್ಚಿದರು. ಹಿಂಭಾಗದ ಕಾರ್ಡಿನ ಪಟ್ಟಿ ಮುರಿದು ತೆರೆದಿದ್ದ ಬಾಯಿಯಿಂದ ಹಲ್ಲಿ ಒಳಸೇರಿ ಎಸ್‌ಎಂಪಿಎಸ್ಸಿನಲ್ಲಿ ಸುಟ್ಟು ಸಾಯುವುದು, ಇಲಿ ಕೇಬಲ್ ಕಡಿಯುವುದು, ಫ್ಯಾನಿನ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಹಳ್ಳಿಗಾಡಿನ ರಿಪೇರಿಯವರಿಗೆ ಹೊಸ ಸುದ್ದಿಯಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಬ್ಲೋವರಿನಿಂದ ಊದುವುದೊಂದೇ ಮದ್ದು.

ಬಿಸಿಯ ಸಮಸ್ಯೆ ತೀವ್ರವಾದದ್ದು ಇಂಟೆಲ್ಲಿನ ಪೆಂಟಿಯಂ 4 ಪ್ರೊಸೆಸರಿನ ಕಾಲದಲ್ಲಿ. ಆ ಪೀಳಿಗೆಯ ಕೊನೆಯ ಪ್ರೊಸೆಸರುಗಳು 100 ವ್ಯಾಟ್ ಮೀರಿ ಉಷ್ಣ ಉಗುಳುತ್ತಿದ್ದವು. ಆಗ ಇಂಟೆಲ್ ಕ್ಯಾಬಿನೆಟ್ ತಯಾರಕರಿಗೆ ಒಂದು ಕಟ್ಟಳೆ ವಿಧಿಸಿತು: ಕೋಣೆಯಲ್ಲಿ 35 ಡಿಗ್ರಿ ಇದ್ದಾಗಲೂ ಪ್ರೊಸೆಸರಿನ ಫ್ಯಾನಿಗೆ ತಲಪುವ ಗಾಳಿ 38 ಡಿಗ್ರಿ ಮೀರಬಾರದು. ಅದಕ್ಕಾಗಿ ಪಕ್ಕದ ಬಾಗಿಲಿನಲ್ಲಿ ತೂತು ಕೊರೆದು, ಅಲ್ಲಿಂದ ಪ್ರೊಸೆಸರಿನ ಮೇಲಕ್ಕೆ ಪ್ಲಾಸ್ಟಿಕ್ಕಿನ ಆಲಿಕೆ ಇಳಿಬಿಟ್ಟರು. ಭಾರತದ ಅಗ್ಗದ ಡಬ್ಬಗಳಲ್ಲೂ ಈ ಆಲಿಕೆ ಬಂತು. ಏಪ್ರಿಲ್ ಮಧ್ಯಾಹ್ನ, ಶೀಟಿನ ಸೂರಿನ ಕೋಣೆಯಲ್ಲಿ, ಚಾಮರಾಜನಗರದ ಯಂತ್ರ ಆ 35 ಡಿಗ್ರಿಯ ಗೆರೆಯ ಮೇಲೇ ದಿನ ಕಳೆಯುತ್ತದೆ. ಅಂಥ ಕಡೆ ಡಬ್ಬದ ವಿನ್ಯಾಸಕ್ಕೆ ಉಳಿಯುವ ಅಂತರ ಮೂರೇ ಡಿಗ್ರಿ.

ಅಲ್ಯೂಮಿನಿಯಂ ಕ್ಯಾಬಿನೆಟ್ಟು ಪ್ರಸಿದ್ಧಿಗೆ ಬಂದದ್ದೂ ಸರಿಸುಮಾರು ಇದೇ ಕಾಲದಲ್ಲಿ. 1983ರಲ್ಲಿ ಹುಟ್ಟಿದ ತೈವಾನಿನ ಲಿಯಾನ್ ಲಿ ಸಂಸ್ಥೆ 1990ರ ದಶಕದ ಕೊನೆಯಿಂದ ಪೂರ್ಣ ಅಲ್ಯೂಮಿನಿಯಂ ಡಬ್ಬಗಳಿಗೆ ಹೆಸರಾಯಿತು. ಅದರ ಮಾದರಿಗಳ ಲಕ್ಷಣಗಳನ್ನು ಉಳಿದವರೂ ಹಿಂಬಾಲಿಸಿದರು: ಕೂದಲೆಳೆಯಂಥ ಗೆರೆ ತೀಡಿದ ಹೊರಮೈ, ಸ್ಕ್ರೂಡ್ರೈವರಿಲ್ಲದೆ ಬೆರಳಲ್ಲೇ ಬಿಚ್ಚುವ ಸ್ಕ್ರೂ, ಮದರ್‌ಬೋರ್ಡ್ ಸಮೇತ ಹಿಂದಕ್ಕೆ ಎಳೆಯಬಹುದಾದ ತಟ್ಟೆ, ಹಾರ್ಡ್‌ಡಿಸ್ಕಿನ ನಡುಕ ತಡೆಯುವ ರಬ್ಬರ್ ಬಿಲ್ಲೆ, ಮುಂಭಾಗದ ಫ್ಯಾನಿನ ಎದುರು ಬಿಚ್ಚಿ ತೊಳೆಯಬಹುದಾದ ಬಲೆ. ಒಳಅಂಚುಗಳನ್ನು ನಯಗೊಳಿಸಿದ್ದರು; ಕೈ ಕೊಯ್ಯುವ ಕಾಲ ಮುಗಿಯಿತು. 2003ರಲ್ಲಿ ಆ್ಯಪಲ್ ಕಂಪನಿಯ ಪವರ್ ಮ್ಯಾಕ್ ಜಿ5 ಬಂತು. ಮುಂದೆ ಹಿಂದೆ ಪೂರ್ತಿ ತೂತು ಕೊರೆದ ದಪ್ಪ ಅಲ್ಯೂಮಿನಿಯಂ ಮೈ, ಒಳಗೆ ಒಂದರ ಗಾಳಿ ಇನ್ನೊಂದಕ್ಕೆ ಬೆರೆಯದ ನಾಲ್ಕು ವಲಯ, ಒಂಬತ್ತು ಫ್ಯಾನು. ಅಂದಿನಿಂದ ಬೆಳ್ಳಿ ಬಣ್ಣದ ಮಂದ ಹೊಳಪಿನ ಲೋಹವೆಂದರೆ ಒಳ್ಳೆಯ ಕಂಪ್ಯೂಟರು ಎಂಬ ಸಮೀಕರಣ ಕೊಳ್ಳುವವರ ಮನಸ್ಸಿನಲ್ಲಿ ಕುಳಿತಿತು.

ಲೋಹದ ಗುಣಗಳನ್ನು ಲೆಕ್ಕ ಹಾಕಿದರೆ ಈ ಸಮೀಕರಣ ಅರ್ಧ ಸರಿ. ಅಲ್ಯೂಮಿನಿಯಂ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಉಕ್ಕಿನದು 7.85, ಅಂದರೆ ಮೂರನೇ ಒಂದು ಭಾಗ. ಆದರೆ ಬಾಗದೆ ನಿಲ್ಲುವ ಬಿಗಿಯೂ ಉಕ್ಕಿನ ಮೂರನೇ ಒಂದರಷ್ಟೇ. ಹಾಳೆ ಬಾಗುವುದಕ್ಕೆ ಒಡ್ಡುವ ತಡೆ ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ಉಕ್ಕಿನಷ್ಟೇ ಗಟ್ಟಿಯಾದ ಬಾಗಿಲಿಗೆ ಅಲ್ಯೂಮಿನಿಯಂ ಹಾಳೆ ಸುಮಾರು 1.4 ಪಟ್ಟು ದಪ್ಪವಿದ್ದರೆ ಸಾಕು. ಅಷ್ಟು ದಪ್ಪ ಮಾಡಿದರೂ ತೂಕ ಉಕ್ಕಿನ ಅರ್ಧದ ಹತ್ತಿರ ನಿಲ್ಲುತ್ತದೆ. ಈ ಲಾಭ ನಿಜ. ತುಕ್ಕು ಹಿಡಿಯದಿರುವುದೂ ನಿಜ: ಗಾಳಿ ತಾಗಿದ ಕೂಡಲೇ ಮೇಲ್ಮೈ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಗಂಧಕಾಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಈ ಪೊರೆಯನ್ನೇ ದಪ್ಪ ಮಾಡುವ ಕ್ರಿಯೆಗೆ ಆನೊಡೈಸಿಂಗ್ ಎನ್ನುತ್ತಾರೆ; ಕಪ್ಪು, ಕೆಂಪು ಮುಂತಾದ ಬಣ್ಣಗಳು ಆ ಪೊರೆಯ ಸೂಕ್ಷ್ಮ ರಂಧ್ರಗಳಲ್ಲಿ ಕೂರುತ್ತವೆ. ಬಳಿದ ಬಣ್ಣದಂತೆ ಅದು ಸಿಪ್ಪೆಯೇಳುವುದಿಲ್ಲ.

‘ಅಲ್ಯೂಮಿನಿಯಂ ಡಬ್ಬ ತಂಪು’ ಎಂಬ ಅಂಗಡಿಯ ಮಾತು ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಉಷ್ಣ ಸಾಗಿಸುವುದರಲ್ಲಿ ಈ ಲೋಹ ಉಕ್ಕಿಗಿಂತ ಸುಮಾರು ನಾಲ್ಕು ಪಟ್ಟು ಮೇಲು, ಒಪ್ಪಬೇಕಾದ್ದೇ. ಆದರೆ ಡಬ್ಬದೊಳಗಿನ ಬಿಸಿ ಗೋಡೆಯ ಮೂಲಕ ಹೊರಹೋಗಬೇಕಾದರೆ ಮೊದಲು ಒಳಗಿನ ಗಾಳಿಯಿಂದ ಲೋಹಕ್ಕೆ, ಆಮೇಲೆ ಲೋಹದಿಂದ ಹೊರಗಿನ ಗಾಳಿಗೆ ದಾಟಬೇಕು. ತಡೆಯೆಲ್ಲ ಈ ಎರಡು ದಾಟುಗಳಲ್ಲೇ ಇದೆ. ನಡುವಿನ ಒಂದೆರಡು ಮಿಲಿಮೀಟರ್ ಲೋಹ ಉಕ್ಕಾದರೂ ಒಂದೇ, ಅಲ್ಯೂಮಿನಿಯಂ ಆದರೂ ಒಂದೇ. ಇನ್ನೂ ವಿಚಿತ್ರವೆಂದರೆ, ಬಣ್ಣ ಬಳಿದ ಉಕ್ಕು ಚೆನ್ನಾಗಿ ಉಷ್ಣ ವಿಕಿರಣ ಮಾಡುತ್ತದೆ, ಹೊಳಪಿನ ಬರಿಯ ಅಲ್ಯೂಮಿನಿಯಂ ಬಲು ಕಡಿಮೆ ಮಾಡುತ್ತದೆ. ಆನೊಡೈಸ್ ಮಾಡಿದ ಮೇಲೆ ಎರಡೂ ಹೆಚ್ಚುಕಡಿಮೆ ಸಮ. ಕಂಪ್ಯೂಟರನ್ನು ತಂಪಾಗಿಡುವುದು ಗಾಳಿಯ ದಾರಿ: ಮುಂದಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ತೂತು ಸಾಕಷ್ಟಿಲ್ಲದ ಅಲ್ಯೂಮಿನಿಯಂ ಡಬ್ಬಕ್ಕಿಂತ ಎರಡು ದೊಡ್ಡ ಫ್ಯಾನಿನ ತಗಡಿನ ಡಬ್ಬ ಮೇಲು.

ಲೋಹದ ಗುಣ ನಿಜಕ್ಕೂ ಕೆಲಸಕ್ಕೆ ಬರುವುದು ಬಿಸಿಯ ಮೂಲ ಗೋಡೆಗೇ ಅಂಟಿಕೊಂಡಾಗ. ಕೊರಿಯಾದ ಝಲ್ಮಾನ್ ಸಂಸ್ಥೆ 2000ದ ದಶಕದ ಮಧ್ಯದಲ್ಲಿ ಫ್ಯಾನೇ ಇಲ್ಲದ ಕ್ಯಾಬಿನೆಟ್ ಮಾಡಿತು. ಅದರಲ್ಲಿ ಉಷ್ಣ ಒಯ್ಯುವ ನಳಿಕೆಗಳು ಪ್ರೊಸೆಸರಿನಿಂದ ಹೊರಟು ಡಬ್ಬದ ದಪ್ಪ ಅಲ್ಯೂಮಿನಿಯಂ ಗೋಡೆಗೆ ಮುಟ್ಟುತ್ತವೆ. ಗೋಡೆಯ ಮೇಲಿನ ರೆಕ್ಕೆಸಾಲು ಬಿಸಿಯನ್ನು ಕೋಣೆಗೆ ಬಿಡುತ್ತದೆ. ಅದರ ಬೆಲೆ, ತೂಕ ಎರಡೂ ಮನೆಬಳಕೆಗೆ ಮೀರಿದವು. ಆದರೆ ಫ್ಯಾನಿಲ್ಲ ಎಂದರೆ ದೂಳು ಎಳೆಯುವ ಬಾಯಿಯಿಲ್ಲ, ಹಲ್ಲಿ ನುಗ್ಗುವ ದಾರಿಯಿಲ್ಲ. ಚಾಮರಾಜನಗರದಂಥ ಕಡೆಗೆ ಅಲ್ಯೂಮಿನಿಯಂ ಡಬ್ಬದ ನಿಜವಾದ ಯೋಗ್ಯತೆ ಇದ್ದದ್ದು ಈ ರೂಪದಲ್ಲೇ. ಅದೇ ತತ್ವದ ರೆಕ್ಕೆಮೈ ಪೆಟ್ಟಿಗೆಗಳು ಬೇರೆ ವೇಷದಲ್ಲಿ ಊರೂರಿಗೂ ಬಂದಿವೆ: ಮೊಬೈಲ್ ಟವರಿನ ತುದಿಯ ರೇಡಿಯೋ ಪೆಟ್ಟಿಗೆ, ಸೋಲಾರ್ ಇನ್ವರ್ಟರಿನ ಬೆನ್ನು.

ಅಲ್ಯೂಮಿನಿಯಂ ಡಬ್ಬಕ್ಕೆ ತನ್ನದೇ ದೋಷಗಳೂ ಇವೆ. ಮೆದು ಲೋಹದಲ್ಲಿ ಕೊರೆದ ಸ್ಕ್ರೂ ಥ್ರೆಡ್ಡು ಹತ್ತಾರು ಸಲ ಬಿಚ್ಚಿ ಹಾಕಿದರೆ ಸವೆದು ಹೋಗುತ್ತದೆ. ದೂಳು ಊದಲು ಪದೇ ಪದೇ ಬಾಗಿಲು ತೆಗೆಯಬೇಕಾದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ; ಒಳ್ಳೆಯ ತಯಾರಕರು ಅಲ್ಲಿ ಉಕ್ಕಿನ ನಟ್ಟನ್ನು ಒತ್ತಿ ಕೂರಿಸುತ್ತಾರೆ. ಹಗುರ ಹಾಳೆ ಹಾರ್ಡ್‌ಡಿಸ್ಕಿನ ನಡುಕಕ್ಕೆ ಗುಂಯ್‌ಗುಡುತ್ತದೆ. ಗೀರು ಬೇಗ ಬೀಳುತ್ತದೆ, ಬಿದ್ದದ್ದು ಹೋಗುವುದಿಲ್ಲ.

ಎಲ್ಲಕ್ಕಿಂತ ಗಮನಿಸಬೇಕಾದ್ದು ಅರ್ಥಿಂಗ್. ಎಸ್‌ಎಂಪಿಎಸ್ಸಿನ ಒಳಬಾಯಿಯಲ್ಲಿ ತರಂಗಗಳನ್ನು ಸೋಸುವ ಎರಡು ಸಣ್ಣ ಕೆಪಾಸಿಟರುಗಳು ಫೇಸು ಮತ್ತು ನ್ಯೂಟ್ರಲ್ ಎರಡರಿಂದಲೂ ಡಬ್ಬದ ಮೈಗೆ ಸೇರಿರುತ್ತವೆ. ಗೋಡೆಯ ಮೂರನೇ ಪಿನ್ನು ಭೂಮಿಗೆ ಸೇರಿದ್ದರೆ ಅಲ್ಲಿ ಸೋರುವ ಅಲ್ಪ ವಿದ್ಯುತ್ತು ಸದ್ದಿಲ್ಲದೆ ಇಳಿದುಹೋಗುತ್ತದೆ. ಸೇರಿಲ್ಲದಿದ್ದರೆ ಡಬ್ಬದ ಮೈ 230ರ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ, ಏರಿ ನಿಲ್ಲುತ್ತದೆ. ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಬರಿಗಾಲಲ್ಲಿ ನಿಂತು ಮುಟ್ಟಿದವರಿಗೆ ಜುಮ್ಮೆನ್ನುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಬಂದ ಶಾಲಾ ಮಕ್ಕಳಿಗೆ ಈ ಜುಮ್ಮು ಹೆಚ್ಚು. ‘ಸಿಪಿಯು ಶಾಕ್ ಹೊಡೀತದೆ’ ಎಂಬ ದೂರಿಗೆ ಬಹುಸಲ ಕಾರಣ ಕಂಪ್ಯೂಟರಲ್ಲ, ಉಪ್ಪು, ಇದ್ದಿಲು ಹಾಕಿ ನೀರುಣಿಸಬೇಕಾದ ಅರ್ಥಿಂಗ್ ಗುಂಡಿ ಒಣಗಿರುವುದು. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಪೊರೆ ವಿದ್ಯುತ್ ನಿರೋಧಕವಾದ್ದರಿಂದ ಕೈಗೆ ಜುಮ್ಮೆನ್ನುವುದು ಕಡಿಮೆ ಅನಿಸಬಹುದು. ಅದರಿಂದಲೇ ಇನ್ನೊಂದು ತೊಡಕು: ಬಾಗಿಲು, ತಟ್ಟೆ, ಚೌಕಟ್ಟುಗಳ ನಡುವೆ ಪೊರೆ ಅಡ್ಡ ಬಂದರೆ ಭೂಸಂಪರ್ಕ ತುಂಡಾಗುತ್ತದೆ. ಹಾಗಾಗಿ ಸ್ಕ್ರೂ ಕೂರುವ ಕಡೆ ಪೊರೆಯನ್ನು ಕೆರೆದು ಬರಿಯ ಲೋಹ ಮುಟ್ಟುವಂತೆ ಮಾಡಬೇಕು. ಅಗ್ಗದ ನಕಲುಗಳಲ್ಲಿ ತಪ್ಪುವ ಹೆಜ್ಜೆ ಇದೇ.

ಈ ಸೀಮೆಯಲ್ಲಿ ಅಲ್ಯೂಮಿನಿಯಂ ಕ್ಯಾಬಿನೆಟ್ಟು ಹಬ್ಬದಿರಲು ಬೇರೆ ಕಾರಣವೂ ಕೂಡಿತು. ಅದರ ಬೆಲೆಗೆ ತಗಡಿನ ಹಲವು ಡಬ್ಬಗಳು ಬರುತ್ತಿದ್ದವು. ಆ ಹಣವನ್ನು ಯುಪಿಎಸ್ಸಿಗೆ ಹಾಕುವುದು ಜಾಣತನ, ಏಕೆಂದರೆ ಲೋಡ್‌ಶೆಡ್ಡಿಂಗಿನ ಊರಿನಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರು ಅರ್ಧ ದಿನದ ಸಾಮಾನು. ಹಾಗೆ ಯೋಚಿಸಿದ ಡಿಟಿಪಿ ಅಂಗಡಿಯವರು, ಜೆರಾಕ್ಸ್ ಅಂಗಡಿಯವರು ತಪ್ಪು ಮಾಡಲಿಲ್ಲ. ತಪ್ಪಾದದ್ದು ಅತಿ ತೆಳು ತಗಡು, ಬಲೆಯಿಲ್ಲದ ಫ್ಯಾನು, ಸುಳ್ಳು ವ್ಯಾಟಿನ ಎಸ್‌ಎಂಪಿಎಸ್ ಮೂರನ್ನೂ ಒಟ್ಟಿಗೆ ಒಪ್ಪಿಕೊಂಡದ್ದು.

2010ರ ದಶಕದಲ್ಲಿ ಕ್ಯಾಬಿನೆಟ್ಟಿನ ಫ್ಯಾಷನ್ನೇ ತಿರುಗಿತು. ಎಸ್‌ಎಂಪಿಎಸ್ ಮೇಲಿನಿಂದ ಕೆಳಕ್ಕೆ ಇಳಿಯಿತು, ಪಕ್ಕದ ಬಾಗಿಲು ಗಾಜಾಯಿತು, ಒಳಗೆ ಬಣ್ಣದ ದೀಪ ಬಂತು. ಗೇಮ್ ಆಡುವ ಹುಡುಗರು ನೋಡುವುದು ಒಳಗಿನ ಬೆಳಕನ್ನು. ಹೊರಗಿನ ಲೋಹ ಯಾವುದಾದರೇನು? ಅಲ್ಯೂಮಿನಿಯಂ ಮುಂಭಾಗದ ಅಲಂಕಾರದ ಪಟ್ಟಿಗೆ ಇಳಿಯಿತು. 2007ರಲ್ಲಿ ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿ ವಿದ್ಯಾರ್ಥಿಗಳು ಬರತೊಡಗಿದ ಕೆಲವೇ ವರ್ಷಗಳಲ್ಲಿ ಲ್ಯಾಪ್‌ಟಾಪ್ ಅಗ್ಗವಾಯಿತು; ಡೆಸ್ಕ್‌ಟಾಪು ಕಚೇರಿ, ಲ್ಯಾಬು, ಅಂಗಡಿಗಳ ಸಾಮಾನಾಗಿ ಉಳಿಯಿತು. ಅಲ್ಯೂಮಿನಿಯಂ ಮೈಯ ಎಲೆಕ್ಟ್ರಾನಿಕ್ ಸಾಮಾನು ಈ ಭಾಗದ ಜನರ ಕೈಗೆ ಹೆಚ್ಚಾಗಿ ಬಂದದ್ದು ಲ್ಯಾಪ್‌ಟಾಪು, ಫೋನುಗಳ ರೂಪದಲ್ಲಿ. ಐಫೋನಿನ ಹೊರಮೈ ಕೊರೆಯುವ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಕನ್ನಡದವರೂ ಇರುವ ಗಡಿಯೂರು ಹೊಸೂರಿನ ಬಳಿಯೇ ಇದೆ.

ತಗಡಿನ ಡಬ್ಬಗಳೊಳಗೂ ಸಾಮಾನ್ಯವಾಗಿ ಒಂದು ತುಂಡು ಅಲ್ಯೂಮಿನಿಯಂ ಇರುತ್ತಿತ್ತು: ಪ್ರೊಸೆಸರಿನ ಮೇಲೆ ಪೇಸ್ಟ್ ಹಚ್ಚಿ ಕೂರಿಸುವ ರೆಕ್ಕೆಸಾಲಿನ ಹೀಟ್‌ಸಿಂಕ್. ಹಳೆಯ ಕಂಪ್ಯೂಟರು ಗುಜರಿಗೆ ಹೋದಾಗ ಮೊದಲು ಬಿಚ್ಚಿ ಪಕ್ಕಕ್ಕಿಡುವ ಸಾಮಾನುಗಳಲ್ಲಿ ಇದೂ ಒಂದು, ಏಕೆಂದರೆ ಕಿಲೊ ಲೆಕ್ಕದಲ್ಲಿ ಅಲ್ಯೂಮಿನಿಯಂಗೆ ಕಬ್ಬಿಣಕ್ಕಿಂತ ಹಲವು ಪಟ್ಟು ದರ. ಹಳೆಯದನ್ನು ಕರಗಿಸಿ ಮತ್ತೆ ಬಳಸಲು ಅದಿರಿನಿಂದ ತೆಗೆಯುವಾಗ ಬೇಕಾಗುವ ವಿದ್ಯುತ್ತಿನ ಇಪ್ಪತ್ತರಲ್ಲಿ ಒಂದು ಪಾಲು ಶಕ್ತಿ ಸಾಕು. ಕೆಟ್ಟ ಕಂಪ್ಯೂಟರುಗಳ ವಿಲೇವಾರಿಗೆ 2012ರಿಂದ ಇ-ತ್ಯಾಜ್ಯ ನಿಯಮಗಳಿವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಪರಿಷ್ಕೃತ ನಿಯಮಗಳು ತಯಾರಕರಿಗೇ ಮರುಬಳಕೆಯ ಗುರಿ ವಿಧಿಸಿವೆ, ನೋಂದಾಯಿತ ಘಟಕಗಳಲ್ಲೇ ಕೆಟ್ಟ ಯಂತ್ರಗಳನ್ನು ಕಳಚಬೇಕೆನ್ನುತ್ತವೆ.